ಚಿತ್ರ ಬರೆದು ಕೆಟ್ಟವನ ಕಥೆ

ಮೊನ್ನೆ ಬಿ.ಕಾಂ. ಓದುವ ಮಗಳು ಕಿರುಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಸಪ್ಪೆ ಮೋರೆ ಹಾಕಿಕೊಂಡು ಬಂದಳು. ಕರಾರು ಎಂದರೇನು ಎಂಬುದಕ್ಕೆ ವ್ಯಾಖ್ಯೆಯನ್ನು ಒಂದಕ್ಷರ ಬಿಡದೆ ಬರೆದಿದ್ದಳು. ಆದರೂ ಐದಕ್ಕೆ ಎರಡೇ ಅಂಕ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಇಲಸ್ಟ್ರೇಷನ್ ಎಲ್ಲಿ?’ ಎಂದಿತ್ತು.

“ಅಪ್ಪಾ, ಇಲಸ್ಟ್ರೇಷನ್ ಅಂದ್ರೆ ಚಿತ್ರ ಅಲ್ವಾ? ಕಾನೂನಿನ ಪೇಪರಿನಲ್ಲಿ ಯಾವ ಚಿತ್ರ ಬರೀಲಿ?”

“ನೀನು ಬರೆಯದೆ ಕೆಟ್ಟೆ, ನಾನು ಬರೆದು ಕೆಟ್ಟಿದ್ದೆ ಕಣಮ್ಮಾ” ಎಂದೆ.

ಅದು 1985ರ ಮಾತು. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಪಟ್ಟಣದ ಕಾಲೇಜು ಸೇರಿದ್ದೆ. ‘ಇಲಸ್ಟ್ರೇಟೆಡ್’ ಎಂಬ ಪದ ನನಗೆ ಗೊತ್ತಿದ್ದದ್ದು ಕ್ಷೌರದಂಗಡಿಯಲ್ಲಿ. ಅಲ್ಲಿ ‘ಇಲಸ್ಟ್ರೇಟೆಡ್ ವೀಕ್ಲಿ’ಯ ಹಳೆಯ ಸಂಚಿಕೆಗಳಿರುತ್ತಿದ್ದವು. 1993ರಲ್ಲಿ ನಿಂತುಹೋದ ಆ ಪತ್ರಿಕೆಯ ತುಂಬಾ ಚಿತ್ರಗಳು. ಹಾಗಾಗಿ ಪರೀಕ್ಷೆಯಲ್ಲಿ ‘ಇಲಸ್ಟ್ರೇಷನ್‌ನೊಂದಿಗೆ ವಿವರಿಸಿ’ ಎಂದಾಗ, ಇಬ್ಬರು ಕೈಕುಲುಕುವ ಚಿತ್ರವನ್ನು ಶ್ರದ್ಧೆಯಿಂದ ಬರೆದು, ಒಬ್ಬನಿಗೆ ಪೇಟವನ್ನೂ ತೊಡಿಸಿದೆ! ಮೇಷ್ಟ್ರು ಅದನ್ನು ಎತ್ತಿ ತರಗತಿಗೆಲ್ಲ ತೋರಿಸಿದರು. ಎಲ್ಲರೂ ನಕ್ಕರು. ಅಂದಿನಿಂದ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಓದು ಬಿಟ್ಟು ಯಾವುದಾದರೂ ಮಂಡಿಯಲ್ಲಿ ಲೆಕ್ಕ ಬರೆಯೋಣ ಎಂದೂ ಯೋಚಿಸಿದ್ದೆ.

ಕೈಹಿಡಿದವರು ಕಾಲೇಜಿನ ಗ್ರಂಥಪಾಲಕರು. 1872ರ ಭಾರತೀಯ ಕರಾರು ಕಾಯಿದೆಯ ಪುಸ್ತಕ ತೆಗೆದು 56ನೇ ಕಲಂ ತೋರಿಸಿದರು. ಅಸಾಧ್ಯವಾದುದನ್ನು ಮಾಡುವ ಒಪ್ಪಂದ ಅನೂರ್ಜಿತ ಎಂಬುದು ನಿಯಮ. ಅದರ ಕೆಳಗೇ ‘ಇಲಸ್ಟ್ರೇಷನ್ಸ್’ ಎಂಬ ತಲೆಬರಹ. ಮೊದಲನೆಯದರಲ್ಲಿ ‘ಎ’ ಎಂಬಾತ ಮಂತ್ರಶಕ್ತಿಯಿಂದ ನಿಧಿ ಹುಡುಕಿಕೊಡುವುದಾಗಿ ‘ಬಿ’ಗೆ ಒಪ್ಪಿಕೊಳ್ಳುತ್ತಾನೆ. ನಿಧಿ, ಮಾಟ, ಮಂತ್ರ! ನಮ್ಮೂರಿನಲ್ಲಿ ದಿನಾ ಕೇಳುತ್ತಿದ್ದ ಮಾತೇ. ಅರ್ಧ ಗಂಟೆ ತಿಣುಕಿದರೂ ತಿಳಿಯದ ಕಲಂ ಒಂದೇ ಕ್ಷಣಕ್ಕೆ ತಿಳಿಯಿತು.

“ಲ್ಯಾಟಿನ್‌ನಲ್ಲಿ ಈ ಪದದ ಮೂಲಾರ್ಥ ಬೆಳಕು ಚೆಲ್ಲುವುದು ಅಂತ. ಚಿತ್ರ ಎಂಬ ಅರ್ಥ ಆಮೇಲೆ ಬಂತು” ಎಂದರು ಅವರು. ಇಂಗ್ಲಿಷಿನಲ್ಲಿ ವಿವರಣೆ, ದೃಷ್ಟಾಂತ ಎಂಬ ಅರ್ಥಗಳು ಹಳೆಯವು. ಪುಸ್ತಕದ ಚಿತ್ರ ಎಂಬ ಅರ್ಥ ರೂಢಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ದೃಷ್ಟಾಂತವಾಗಲಿ ಚಿತ್ರವಾಗಲಿ, ಮಾಡುವ ಕೆಲಸ ಒಂದೇ: ಮಸುಕಾದುದನ್ನು ಕಣ್ಣಿಗೆ ಕಾಣಿಸುವುದು.

ಹಾಗಾದರೆ ‘ಎಕ್ಸಾಂಪಲ್’ಗೂ ಇದಕ್ಕೂ ಏನು ಭೇದ? ಎಷ್ಟೋ ಕಡೆ ಎರಡೂ ಸಲ್ಲುತ್ತವೆ. ಆದರೆ ಹಣ್ಣಿಗೆ ಮಾವು ಎಕ್ಸಾಂಪಲ್. ಅದನ್ನು ಇಲಸ್ಟ್ರೇಷನ್ ಎಂದರೆ ಕಿವಿಗೆ ಒರಟು. ಮರದಿಂದ ಕಳಚಿದ ಮಾವು ನೆಲಕ್ಕೇ ಬೀಳುವುದು ಗುರುತ್ವಾಕರ್ಷಣೆಗೆ ಇಲಸ್ಟ್ರೇಷನ್. ಒಂದು ನಿಯಮವನ್ನು ಬಿಡಿಸಿ ತೋರಿಸುವಂಥದ್ದು ಅದು. ನಮ್ಮಲ್ಲೂ ಉದಾಹರಣೆ, ನಿದರ್ಶನ, ದೃಷ್ಟಾಂತ ಎಂಬ ಪದಗಳಿವೆ. ಪ್ರಶ್ನೆಪತ್ರಿಕೆಯವರಿಗೆ ಚಿತ್ರವೇ ಬೇಕಿದ್ದರೆ ಸಾಮಾನ್ಯವಾಗಿ ‘ಡಯಾಗ್ರಾಮ್’ ಎನ್ನುತ್ತಾರೆ. ವಿದ್ಯಾರ್ಥಿಗಳು ಇದನ್ನು ನೆನಪಿಟ್ಟರೆ ನನ್ನ ಪೇಟದವನ ಗತಿ ಬಾರದು.

ತಂದೆತಾಯಂದಿರಿಗೂ ಒಂದು ಮಾತು. ಮಕ್ಕಳು ಪದ ತಪ್ಪಿದರೆ ನಗಬೇಡಿ. ಆ ಅರ್ಥ ಎಲ್ಲಿಂದ ಬಂತೆಂದು ಕೇಳಿ. ನನ್ನನ್ನು ಯಾರಾದರೂ ಕೇಳಿದ್ದರೆ ಕ್ಷೌರದಂಗಡಿಯ ಕಥೆ ಅಂದೇ ಹೊರಬರುತ್ತಿತ್ತು.

ಇಷ್ಟೆಲ್ಲ ಕೇಳಿದ ಮಗಳು ಪೆನ್ನು ತೆಗೆದಳು. “ಎ ಎಂಬ ಅಪ್ಪ, ಫಸ್ಟ್ ಕ್ಲಾಸ್ ಬಂದರೆ ಸ್ಕೂಟರ್ ಕೊಡಿಸುತ್ತೇನೆ ಎಂದು ಬಿ ಎಂಬ ಮಗಳಿಗೆ ಮಾತು ಕೊಟ್ಟ. ಕೊಡಿಸಲಿಲ್ಲ. ಇದು ಕರಾರು ಹೌದಾ ಅಪ್ಪಾ?”

“ಮನೆಯೊಳಗಿನ ಇಂಥ ಮಾತನ್ನು ಕೋರ್ಟು ಸಾಮಾನ್ಯವಾಗಿ ಕರಾರು ಎನ್ನುವುದಿಲ್ಲ” ಎಂದೆ.

“ಕೋರ್ಟು ಬಿಡಿ, ನೀವೇನಂತೀರಿ?”

ಒಳ್ಳೆಯ ಇಲಸ್ಟ್ರೇಷನ್ನೇ. ಬೆಳಕು ಮಾತ್ರ ನೇರವಾಗಿ ನನ್ನ ಮುಖದ ಮೇಲೇ ಬಿದ್ದಿತ್ತು.