ಕಡತವೂ ಮಹಾಪ್ರಬಂಧವೂ

ಹಗಲೆಲ್ಲ ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಕಡತಗಳ ಜೊತೆ ಹೆಣಗುವವನಿಗೆ ರಾತ್ರಿ ಪುಸ್ತಕ ಹಿಡಿಯುವ ಚಟ ಏಕೆ ಹತ್ತಿತೆಂದು ಮಿತ್ರರು ಕೇಳುವುದುಂಟು. ನಮ್ಮ ತಾಯಿಯವರ ಪ್ರಶ್ನೆ ಇನ್ನೂ ನೇರವಾದದ್ದು: “ಅಲ್ಲ ಕಣಪ್ಪ, ಓದೋದು ಕೆಲಸಕ್ಕೆ. ಕೆಲಸ ಸಿಕ್ಕಿದ ಮೇಲೂ ಯಾಕೆ ಓದ್ತೀಯ?” ಬಡ್ತಿಗಾಗಿ ಎಂದು ಹೇಳಿ ನಾನು ಪಾರಾಗುತ್ತಿದ್ದೆ. ಮೊದಮೊದಲು ಅದು ನಿಜವೂ ಆಗಿತ್ತು.

ಶಾಲೆ ಕಾಲೇಜುಗಳನ್ನು ನಡೆಸುವ ಬಗೆಯೂ ಸಂಶೋಧನೆಗೆ ತಕ್ಕ ವಿಷಯವೇ ಎಂದು ಇದೇ ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದಾಗ ನನಗೆ ತಿಳಿದಿರಲಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ 1920ರ ದಶಕದ ಆರಂಭದಲ್ಲೇ ಶಿಕ್ಷಣಕ್ಕೆಂದು ಪ್ರತ್ಯೇಕ ಡಾಕ್ಟರ್ ಪದವಿಯನ್ನು ಕೊಡತೊಡಗಿತಂತೆ. ನಮ್ಮಲ್ಲಿ ಅಂಥ ಅಭ್ಯಾಸ ಹೆಚ್ಚಾಗಿ ಶಿಕ್ಷಣಶಾಸ್ತ್ರದ ಪಿಎಚ್.ಡಿ.ಯೊಳಗೇ ಅಡಗಿದೆ. ಯು.ಜಿ.ಸಿ.ಯ 2022ರ ನಿಯಮಗಳಂತೆ ನೌಕರಿಯಲ್ಲಿರುವವರೂ ಅರೆಕಾಲಿಕವಾಗಿ ಸೇರಬಹುದು. ಕನಿಷ್ಠ 3 ವರ್ಷ ದುಡಿಯಬೇಕು. ಆದರೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಈತನಿಗೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುವುದೆಂದು ಅದರಲ್ಲಿ ಹೇಳಿರಬೇಕು! ಸಮಯವಿದೆ ಎಂದರೆ ಇನ್ನೊಂದು ಶಾಖೆಯನ್ನೂ ತಲೆಗೆ ಕಟ್ಟಿಯಾರು. ಇಲ್ಲವೆಂದರೆ ಪತ್ರವೇ ಇಲ್ಲ. ಆ ಪತ್ರದ ಕರಡನ್ನು ಬರೆಯುವ ಭಾಗ್ಯವೂ ನನ್ನದೇ ಆಯಿತು.

ಯಲಹಂಕ, ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರ ಸೇರುವ ಬಸ್ಸೇ ನನ್ನ ಗ್ರಂಥಾಲಯ. ಮನೆಯಲ್ಲಿ ಓದೋಣವೆಂದರೆ ಪಕ್ಕದ ಮಗ್ಗದ ಸದ್ದು. ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಅದು ಜೋಗುಳವಿದ್ದಂತೆ. ಎರಡು ಪುಟ ಓದುವುದರೊಳಗೆ ನಿದ್ದೆ.

ಮನೆತನದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಹಳ್ಳಿಯ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾನಿಲಯದ ಆಡಳಿತ ಹೇಗೆ ಕಾಣುತ್ತದೆ ಎಂಬುದು ನನ್ನ ವಿಷಯ. ರಜೆಯ ದಿನಗಳಲ್ಲಿ ಹೊಸಕೋಟೆ, ನೆಲಮಂಗಲಗಳ ಕಡೆ ಅಲೆದು ಪ್ರಶ್ನಾವಳಿ ತುಂಬಿಸಿದೆ. ದೇವನಹಳ್ಳಿಯ ಸಮೀಪದ ಹಳ್ಳಿಯೊಂದರಲ್ಲಿ ಪದವಿ ಮುಗಿಸಿದ ಹೆಣ್ಣುಮಗಳೊಬ್ಬಳು ಸಿಕ್ಕಿದಳು. ಅಂಕಪಟ್ಟಿಯಲ್ಲಿ ಆಕೆಯ ಹೆಸರಿನ ಒಂದಕ್ಷರ ತಪ್ಪಾಗಿತ್ತು. ತಿದ್ದುಪಡಿಗೆ ಅರ್ಜಿ ಕೊಟ್ಟು, ಕೂಲಿ ಬಿಟ್ಟು ಐದು ಸಲ ಬೆಂಗಳೂರಿಗೆ ಬಂದಿದ್ದಳಂತೆ. ಅಷ್ಟರಲ್ಲಿ ಆಯ್ಕೆಯಾಗಿದ್ದ ಕೆಲಸದ ದಾಖಲೆ ಪರಿಶೀಲನೆಯ ದಿನ ಬಂತು, ಹೆಸರು ತಾಳೆಯಾಗಲಿಲ್ಲ, ಕೆಲಸ ಹೋಯಿತು. “ಪಾಪ, ಆಫೀಸಿನೋರಿಗೂ ಎಷ್ಟು ಕೆಲಸವೋ ಸಾರ್” ಎಂದಳು. ಬೈದಿದ್ದರೆ ವಾಸಿಯಾಗಿತ್ತು. ಅರ್ಜಿಯ ನಕಲನ್ನು ತಂದು ತೋರಿಸಿದಳು. ಅದರ ಮೇಲಿದ್ದ ಟಪಾಲು ಮೊಹರು ನನ್ನ ಶಾಖೆಯದು.

ನಾನು ಯಾರೆಂದು ಅಂದು ಆಕೆಗೆ ಹೇಳಲಿಲ್ಲ. ಪ್ರಶ್ನಾವಳಿ ಮಡಿಸಿಕೊಂಡು ಬಂದುಬಿಟ್ಟೆ.

ಮರುದಿನ ಹುಡುಕಿದಾಗ ಕಡತ ನನ್ನ ಮೇಜಿನ ಎಡಗಡೆಯ ರಾಶಿಯಲ್ಲೇ ಇತ್ತು. ‘ಪರಿಶೀಲಿಸಿ ಮಂಡಿಸಿ’ ಎಂದು ಏಳು ತಿಂಗಳ ಹಿಂದೆ ನಾನೇ ಬರೆದ ಷರಾ. ವಿಷಯ ನಿರ್ವಾಹಕರು ಪರಿಶೀಲಿಸಿ ಮಂಡಿಸಿದ್ದರು, ನಾನು ನೋಡಿರಲಿಲ್ಲ. ತಿದ್ದುಪಡಿಗೆ ಹಿಡಿದದ್ದು ಎರಡು ದಿನ. ಹೊಸ ಅಂಕಪಟ್ಟಿಯನ್ನು ನಾನೇ ಒಯ್ದು ಕೊಟ್ಟು, ಆಗ ನಡೆದುದನ್ನು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಫಿ ಕುಡಿಯುತ್ತೀರಾ ಎಂದು ಕೇಳಿದಳು.

ಈಗ ಅಧ್ಯಾಯ ಬರೆಯುತ್ತಿದ್ದೇನೆ. ಹೆಸರು ಊರು ಮರೆಸಿ, ‘ಸಂಬಂಧಪಟ್ಟ ಅಧಿಕಾರಿಯ ವಿಳಂಬದಿಂದ’ ಎಂದು ಬರೆದಿದ್ದೆ. ಮಾರ್ಗದರ್ಶಕರು ಆ ಮಾತಿಗೆ ಕೆಂಪು ಮಸಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಯಾರು?’ ಎಂದು ಕೇಳಿದ್ದಾರೆ. ಹಾಳೆ ಮೂರು ವಾರದಿಂದ ನನ್ನ ಬಳಿಯೇ ಇದೆ.