ಕಡ್ಡಿಯ ಗಾಲಿ ಮತ್ತು ಟ್ಯೂಬಿಲ್ಲದ ಟೈರು

ಮುಳ್ಳಿನ ಮೇಲೆ ಅರಿವೆ ಬಿದ್ದರೂ, ಅರಿವೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಅರಿವೆಯೇ ಎಂಬ ಗಾದೆಯನ್ನು ನಮ್ಮ ಹಿರಿಯರು ಬೇರೊಂದು ಸಂದರ್ಭಕ್ಕೆ ಹೇಳಿದ್ದಾರೆ. ಜತ್ತ ತಾಲೂಕಿನ ಹಾದಿಗಳಲ್ಲಿ ಮೋಟಾರ್ ಸೈಕಲ್ ನಡೆಸುವವರಿಗೆ ಮಾತ್ರ ಅದು ಟೈರಿನ ವಿಷಯವಾಗಿಯೇ ಹುಟ್ಟಿದಂತೆ ತೋರುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಬೆಳೆ ಕೈಕೊಟ್ಟರೂ ಜಾಲಿ ಕೈಕೊಡುವುದಿಲ್ಲ. ಬೇಲಿಗೆಂದು ಕಡಿದು ಎಳೆದೊಯ್ದ ಜಾಲಿಯ ಮುಳ್ಳು ಬಂಡಿಯ ಜಾಡಿನಲ್ಲಿ ಉದುರಿ ಬಿದ್ದಿರುತ್ತದೆ. ಸಂಖ, ಉಮದಿ, ಮಾಡಗ್ಯಾಳಗಳ ಕಡೆಗೆ ನಿತ್ಯ ಓಡಾಡುವ ಶಿಕ್ಷಕರಲ್ಲಿ, ಪಂಚರ್ ಆದ ಗಾಡಿಯನ್ನು ಬಿಸಿಲಿನಲ್ಲಿ ನೂಕದವರು ವಿರಳ. ನಾವು ನೂಕಿದ ದೂರವನ್ನೆಲ್ಲ ಕೂಡಿಸಿದರೆ ಸಾಂಗ್ಲಿಯನ್ನು ಮುಟ್ಟಬಹುದೆಂದು ನಮ್ಮ ಸಹೋದ್ಯೋಗಿಗಳು ನಗೆಯಾಡುವುದುಂಟು.

ಇಂಥ ಸೀಮೆಯವರಿಗೆ ಟ್ಯೂಬಿಲ್ಲದ ಟೈರು ವರವೆಂದು ತೋರಿದರೆ ಆಶ್ಚರ್ಯವಿಲ್ಲ. ಅದರ ಗುಣವೂ ನಿಜವಾದುದೇ. ಟ್ಯೂಬಿಗೆ ಮುಳ್ಳು ತಗಲಿದರೆ ತೂತು ಹಿಗ್ಗಿ, ಹವಾ ವಾಲ್ವಿನ ಸಂದಿಯಿಂದಲೂ ಕಡ್ಡಿಗಳ ತೂತುಗಳಿಂದಲೂ ಬೇಗನೆ ಹೊರಬೀಳುತ್ತದೆ. ಟ್ಯೂಬಿಲ್ಲದ ಟೈರಿನಲ್ಲಿಯಾದರೋ ಚುಚ್ಚಿದ ಮೊಳೆಯೇ ಬಹುಮಟ್ಟಿಗೆ ಬಿರಡೆಯಾಗಿ ನಿಲ್ಲುತ್ತದೆ; ಹವಾ ಮೆಲ್ಲಗೆ ಇಳಿಯುತ್ತದೆ; ಸವಾರನಿಗೆ ಗಾಡಿ ನಿಲ್ಲಿಸಲು ಸಮಯ ದೊರೆಯುತ್ತದೆ. ಗಾಲಿಯನ್ನು ಕಳಚದೆ ಹೊರಗಿನಿಂದಲೇ ರಬ್ಬರಿನ ಬತ್ತಿಯನ್ನು ತುರುಕಿ ತೂತು ಮುಚ್ಚಬಹುದು. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ ಇಂಥ ಟೈರನ್ನು 1947ರಷ್ಟು ಹಿಂದೆಯೇ ಲೋಕಕ್ಕೆ ತೋರಿಸಿತ್ತು. ನಮ್ಮ ಹಳ್ಳಿಗಳಿಗೆ ಅದು ಬಂದದ್ದು ಅಚ್ಚುಹೊಯ್ದ ಅಲಾಯ್ ಗಾಲಿಗಳ ಸಂಗಡ.

ನಮ್ಮ ತಂಗಿಯ ಮಗ ದಾಳಿಂಬೆ ತೋಟ ಮಾಡಿಕೊಂಡಿದ್ದಾನೆ. ಅವನ ಗಾಡಿಗೆ ಇದ್ದವು ಕಡ್ಡಿಯ ಗಾಲಿಗಳು, ಎಂದರೆ ಸ್ಪೋಕ್ ಗಾಲಿಗಳು. 2024ರ ಬೇಸಿಗೆಯಲ್ಲಿ ಒಂದೇ ವಾರದೊಳಗೆ ಮೂರು ಪಂಚರ್ ಆಗಿ ಅವನು ಬೇಸತ್ತನು. ಪೇಟೆಯ ಅಂಗಡಿಯೊಂದರಲ್ಲಿ ರಿಮ್ಮಿನ ಒಳಗೆ ಕಡ್ಡಿಯ ತಲೆಗಳ ಮೇಲೆಲ್ಲ ಅಂಟು ಮೆತ್ತಿಸಿ, ಮೇಲೆ ಪಟ್ಟಿ ಸುತ್ತಿಸಿ, ಟ್ಯೂಬನ್ನು ತೆಗೆಸಿ, ಟ್ಯೂಬಿಲ್ಲದ ಟೈರನ್ನು ಹಾಕಿಸಿಕೊಂಡು ಬಂದನು. "ಮಾಮಾ, ಟ್ಯೂಬೇ ಇಲ್ಲದ ಮ್ಯಾಲ ಪಂಚರ್ ಎಲ್ಲಿಂದ ಬರ್ತದ್ರಿ?" ಎಂದು ನಮ್ಮ ಮುಂದೆ ನಕ್ಕನು. ನಮ್ಮ ತಂಗಿಗೆ ಮಾತ್ರ ಸಂಶಯ. "ಅಣ್ಣಾ, ನೀ ಮಾಸ್ತರ ಅದೀ. ನೋಡಿ ಹೇಳು, ಇದರ ಮ್ಯಾಲ ಕೂತು ಹೋಗಲಿಕ್ಕೆ ಅಡ್ಡಿ ಇಲ್ಲೇನು?" ಎಂದು ಕೇಳಿದಳು.

ನಾವು ಗಾಲಿಯನ್ನು ಕಳಚಿಸಿ, ದನಗಳ ನೀರಿನ ತೊಟ್ಟಿಯಲ್ಲಿ ಅದ್ದಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ವರ್ಷವರ್ಷವೂ ಗಾಳಿಯ ಪಾಠದಲ್ಲಿ ಟ್ಯೂಬನ್ನು ಬಕೀಟಿನಲ್ಲಿ ಮುಳುಗಿಸಿ ಮಕ್ಕಳಿಗೆ ತೋರಿಸುವ ಪ್ರಯೋಗವೇ ಅದು. "ಅಡ್ಡಿ ಇಲ್ಲವ್ವಾ, ಹೋಗು" ಎಂದೆವು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ಹದಿನೈದು ದಿನಗಳ ತರುವಾಯ, ಅಮಾವಾಸ್ಯೆಯಂದು, ತಾಯಿ ಮಗ ಇಬ್ಬರೂ ಗುಡ್ಡಾಪುರದ ದಾನಮ್ಮದೇವಿಯ ದರ್ಶನ ಮಾಡಿಕೊಂಡು ಮಧ್ಯಾಹ್ನದಲ್ಲಿ ಮರಳುತ್ತಿದ್ದರು. ವೇಗ ಗಂಟೆಗೆ ನಲವತ್ತು ಕಿಲೋಮೀಟರನ್ನು ಮೀರಿರಲಿಲ್ಲವೆಂದು ಅವನು ಹೇಳುತ್ತಾನೆ, ನಾವು ನಂಬುತ್ತೇವೆ. ಒಂದು ತಿರುವಿನಲ್ಲಿ ಹಿಂದಿನ ಗಾಲಿ ಹಾವಿನಂತೆ ಹೊರಳಿತು. ಟೈರಿನ ಅಂಚು ರಿಮ್ಮಿನಿಂದ ಜಾರಿ, ಗಾಡಿ ಅಡ್ಡಬಿದ್ದಿತು. ಅವನ ಮೊಣಕಾಲು ತರಚಿತು. ನಮ್ಮ ತಂಗಿಯ ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ತಲೆಗೆ ಆರು ಹೊಲಿಗೆ ಬಿದ್ದವು. ಆಮೇಲೆ ಟೈರನ್ನು ಅಂಗುಲ ಅಂಗುಲವಾಗಿ ತಡವಿ ನೋಡಿದಾಗ ಅದರಲ್ಲಿ ಮುಳ್ಳೂ ಇರಲಿಲ್ಲ, ತೂತೂ ಇರಲಿಲ್ಲ.

ಹಾಗಾದರೆ ಹವಾ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಹೊತ್ತುಕೊಂಡು ನಾವು ವಿಜಯಪುರದ ವಯಸ್ಸಾದ ಮಿಸ್ತ್ರಿಯೊಬ್ಬರ ಬಳಿಗೆ ಹೋದೆವು. ಅವರು ನಮ್ಮ ರಿಮ್ಮಿನ ಪಟ್ಟಿಯನ್ನು ಬಿಚ್ಚಿದರು. ಎರಡು ಕಡ್ಡಿಗಳ ತಲೆಯ ಸುತ್ತ ಅಂಟು ಕೂದಲೆಳೆಯಷ್ಟು ಬಿರಿದಿತ್ತು.

ಇದರ ಕಾರಣ ಕಡ್ಡಿಯ ಗಾಲಿಯ ಸ್ವಭಾವದಲ್ಲಿಯೇ ಇದೆ. ನಮ್ಮ ಬಂಡಿಯ ಗಾಲಿಯಲ್ಲಿ ಮರದ ಅರಗಳು ಕಂಬದಂತೆ ನಿಂತು ಭಾರವನ್ನು ಹೊರುತ್ತವೆ. ಮೋಟಾರ್ ಸೈಕಲ್ಲಿನ ಕಡ್ಡಿ ತೆಳುವಾದ ತಂತಿ. ಒತ್ತಿದರೆ ಬಾಗುತ್ತದೆ, ಎಳೆದರೆ ಮಾತ್ರ ಬಲ. ಆದುದರಿಂದ ಎಲ್ಲ ಕಡ್ಡಿಗಳನ್ನೂ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಗಾಲಿ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಯ ಬಿಗಿತ ಸ್ವಲ್ಪ ಸಡಿಲುತ್ತದೆ, ಮೇಲಕ್ಕೆ ಹೋದಾಗ ಮತ್ತೆ ಬಿಗಿಯುತ್ತದೆ. ಪ್ರತಿಯೊಂದು ಸುತ್ತಿನಲ್ಲಿಯೂ ಪ್ರತಿಯೊಂದು ಕಡ್ಡಿಯ ತಲೆಯೂ ಹೀಗೆ ಮಿಸುಕುತ್ತದೆ. ತಗ್ಗು ದಿನ್ನೆಗಳಲ್ಲಿ ಗಾಲಿ ಮುರಿಯದೆ ತಾಳಿಕೊಳ್ಳುವುದು ಈ ಮಿಸುಕಾಟದಿಂದಲೇ. ಅಲುಗಾಡುವ ಜಾಗದಲ್ಲಿ ಮೆತ್ತಿದ ಅಂಟು ಬಿಸಿಲಿಗೂ ಕುಲುಕಾಟಕ್ಕೂ ಎಷ್ಟು ದಿನ ಬಾಳೀತು? ಅಷ್ಟೇ ಅಲ್ಲ, ಗಾಲಿಯ ಓಲಾಟ ತೆಗೆಯಲು ಕಡ್ಡಿಯನ್ನು ಒಮ್ಮೆ ತಿರುಗಿಸಿದರೆ ಅಂಟಿನ ಕೆಲಸ ಅಲ್ಲಿಗೆ ಮುಗಿಯಿತು.

ಹವಾ ಇಳಿದದ್ದು ಹೀಗೆ. ಆದರೆ ಟೈರು ರಿಮ್ಮನ್ನು ಬಿಟ್ಟದ್ದು ಏಕೆ? ಮಿಸ್ತ್ರಿಯವರು ಒಂದು ಅಲಾಯ್ ಗಾಲಿಯನ್ನೂ ನಮ್ಮ ರಿಮ್ಮನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಟೈರಿನ ಅಂಚು ಕುಳಿತುಕೊಳ್ಳುವ ಜಾಗವನ್ನು ಬೆರಳಿನಿಂದ ತಡವಿ ನೋಡಲು ಹೇಳಿದರು. ಅಲಾಯ್ ಗಾಲಿಯಲ್ಲಿ ಆ ಜಾಗದ ಒಳಮಗ್ಗುಲಿಗೆ ಸುತ್ತಲೂ ಒಂದು ಸಣ್ಣ ಏರಿ ಇತ್ತು, ಹೊಲದ ಒಡ್ಡಿನಂತೆ. ಹವಾ ಇಳಿದರೂ ಟೈರಿನ ಅಂಚು ಆ ಒಡ್ಡನ್ನು ಸುಲಭವಾಗಿ ದಾಟಿ ನಡುವಿನ ತಗ್ಗಿಗೆ ಬೀಳದು. ನಮ್ಮ ರಿಮ್ಮಿನಲ್ಲಿ ಆ ಒಡ್ಡೇ ಇರಲಿಲ್ಲ. ಬೆರಳು ನುಣ್ಣಗೆ ಜಾರಿತು. ಟ್ಯೂಬಿಗೆಂದು ಮಾಡಿದ ಸಾಮಾನ್ಯ ಕಡ್ಡಿಯ ರಿಮ್ಮುಗಳು ಬಹಳಮಟ್ಟಿಗೆ ಹೀಗೆಯೇ ಇರುತ್ತವೆ.

"ಮಾಸ್ತರ, ನೀವು ಹವಾ ನಿಲ್ತದೋ ಇಲ್ಲೋ ನೋಡಿದ್ರಿ. ಹವಾ ಹೋದ ಮ್ಯಾಲ ಟೈರ್ ನಿಲ್ತದೋ ಇಲ್ಲೋ ನೋಡಲಿಲ್ಲ" ಎಂದರು ಆ ಹಿರಿಯರು. ನಾವು ನಿರುತ್ತರರಾದೆವು. ಪ್ರಯೋಗ ಮಾಡುವ ಮುನ್ನ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆಂಬುದನ್ನು ಬರೆದುಕೊಳ್ಳಬೇಕೆಂದು ಡಿ.ಎಡ್. ತರಬೇತಿಯಲ್ಲಿ ನಮಗೆ ಕಲಿಸಿದ್ದರು. ನೂರಾರು ಮಕ್ಕಳಿಗೆ ನಾವೂ ಅದನ್ನು ಹೇಳಿದ್ದೆವು. ನಮ್ಮ ತಂಗಿ ಕೇಳಿದ ಪ್ರಶ್ನೆ ಒಂದು. ನಾವು ತೊಟ್ಟಿಯಲ್ಲಿ ಪಡೆದ ಉತ್ತರ ಇನ್ನೊಂದು ಪ್ರಶ್ನೆಯದು.

ಕಡ್ಡಿಯ ಗಾಲಿಗೂ ಟ್ಯೂಬಿಲ್ಲದ ಟೈರಿಗೂ ಕೂಡುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಂಪನಿ 1987ರಲ್ಲಿಯೇ ಕಡ್ಡಿಗಳನ್ನು ರಿಮ್ಮಿನ ನಡುವೆ ತೂರಿಸದೆ ಹೊರ ಅಂಚುಗಳಿಗೆ ಕಟ್ಟಿದ ಗಾಲಿಗಳನ್ನು ತಂದಿತು. ಅಲ್ಲಿ ಕಡ್ಡಿಯ ತೂತು ಹವಾ ಇರುವ ಜಾಗಕ್ಕೆ ತೆರೆಯುವುದೇ ಇಲ್ಲ. ನಮ್ಮ ದೇಶದಲ್ಲಿಯೂ ರಾಯಲ್ ಎನ್‌ಫೀಲ್ಡ್ ಕಂಪನಿ 2024ರಲ್ಲಿ ಹಿಮಾಲಯನ್ 450 ಗಾಡಿಗೆ ಟ್ಯೂಬಿಲ್ಲದ ಕಡ್ಡಿಯ ಗಾಲಿಗಳನ್ನು ಒದಗಿಸಿತು. ಇವು ಮೂಲದಲ್ಲಿಯೇ ಆ ಕೆಲಸಕ್ಕೆಂದು ಹುಟ್ಟಿದ ಗಾಲಿಗಳು. ಅಂಟು ಮೆತ್ತಿಸಿ ಬಹುಕಾಲ ಸುಖವಾಗಿ ಓಡಿಸಿದವರೂ ಇರಬಹುದು. ಆದರೆ ಒಬ್ಬನ ಅದೃಷ್ಟ ಇನ್ನೊಬ್ಬನಿಗೆ ಆಧಾರವಾಗಲಾರದು.

ಆದುದರಿಂದ ಓದುಗ ಬಾಂಧವರಲ್ಲಿ ನಮ್ಮ ಅರಿಕೆ ಇಷ್ಟು. ಗಾಡಿಯ ಕಡ್ಡಿಯ ಗಾಲಿಗೆ ಕಂಪನಿಯವರು ಟ್ಯೂಬ್ ಹಾಕಿ ಕೊಟ್ಟಿದ್ದರೆ ಟ್ಯೂಬನ್ನು ತೆಗೆಯಿಸಬೇಡಿರಿ. ಟೈರಿನ ಮಗ್ಗುಲಲ್ಲಿ 'ಟ್ಯೂಬ್ ಟೈಪ್' ಎಂದಿದೆಯೋ 'ಟ್ಯೂಬ್‌ಲೆಸ್' ಎಂದಿದೆಯೋ ಓದಿ ನೋಡಿರಿ. ಮೊದಲನೆಯದನ್ನು ಯಾವ ಗಾಲಿಯ ಮೇಲೂ ಟ್ಯೂಬಿಲ್ಲದೆ ಓಡಿಸಬಾರದು. ಎರಡನೆಯದನ್ನು ಕಡ್ಡಿಯ ಗಾಲಿಗೆ ಹಾಕಲೇಬೇಕಾದಲ್ಲಿ, ಟೈರಿನ ಕಂಪನಿಯ ಒಪ್ಪಿಗೆಯಿದ್ದರೆ, ಸರಿಯಾದ ಅಳತೆಯ ಟ್ಯೂಬನ್ನು ಒಳಗಿಟ್ಟು ಓಡಿಸಬಹುದು. ಆದರೆ ಆಗ ಅದು ಟ್ಯೂಬಿನ ಟೈರೇ. ಮುಳ್ಳು ಚುಚ್ಚಿದರೆ ಹವಾ ಮೊದಲಿನಂತೆಯೇ ಬೇಗನೆ ಇಳಿಯುವುದು. ಕಡ್ಡಿಯ ತಲೆಗಳು ಟ್ಯೂಬಿಗೆ ತಿಕ್ಕದಂತೆ ರಿಮ್ಮಿನ ರಬ್ಬರ್ ಪಟ್ಟಿ ಸರಿಯಾಗಿರಲಿ. ಹವೆಯನ್ನು ವಾರಕ್ಕೊಮ್ಮೆ ಅಳೆಯಿಸಿರಿ. ಟ್ಯೂಬಿಲ್ಲದ ಟೈರೇ ಬೇಕೆಂದರೆ, ಆ ಗಾಡಿಗೆ ಒಪ್ಪುವ, ಅದಕ್ಕೆಂದೇ ಮಾಡಿದ ಪೂರ್ಣ ಗಾಲಿಯನ್ನು ಹಾಕಿಸಿರಿ. ಖರ್ಚು ಹೆಚ್ಚೆನಿಸಿದರೆ, ಗಾಡಿ ನೂಕುವುದೇ ಲೇಸು.

ನಮ್ಮ ಅಳಿಯ ಮತ್ತೆ ಟ್ಯೂಬ್ ಹಾಕಿಸಿಕೊಂಡಿದ್ದಾನೆ. ಆಗಾಗ ಗಾಡಿಯನ್ನು ನೂಕಿಕೊಂಡು ಬರುತ್ತಾನೆ. ನಮ್ಮ ತಂಗಿ ನಮ್ಮನ್ನು ಒಂದು ಮಾತೂ ಅಂದಿಲ್ಲ. ರೊಟ್ಟಿ ಬಡಿಯುವಾಗ ನಡುವೆ ಕೈ ನಿಲ್ಲಿಸಿ ಮಣಿಕಟ್ಟನ್ನು ಒತ್ತಿಕೊಳ್ಳುತ್ತಾಳೆ. ನಾವು ನೋಡುತ್ತಿದ್ದೇವೆಂದು ಕಂಡರೆ ಮತ್ತೆ ಬಡಿಯತೊಡಗುತ್ತಾಳೆ. ಬಕೀಟಿನ ಪ್ರಯೋಗವನ್ನು ನಾವು ಶಾಲೆಯಲ್ಲಿ ಬಿಟ್ಟಿಲ್ಲ. ಗುಳ್ಳೆ ಏಳದಿದ್ದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಗ ಕರಿಹಲಗೆಯ ಮೇಲೆ ಇನ್ನೊಂದು ಪ್ರಶ್ನೆಯನ್ನು ಬರೆಯುತ್ತೇವೆ: ಈ ಪ್ರಯೋಗದಿಂದ ನಮಗೆ ತಿಳಿಯದೆ ಉಳಿದದ್ದು ಯಾವುದು?