ಎಂಟು ಸ್ವಿಚ್ಚಿನ ಗಿಟಾರು ಮತ್ತು ಕಾಕಾನ 'ಸಾ'

ತುಂಬಾ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡಿದ್ದೆ. ಮಾಮೂಲಿ ಸೋಮಾರಿತನ... ಈ ಸಲ ಸುರೇಬಾನದಿಂದ ವಾಪಸ್ ಬಂದ ಮೇಲೆ ಬರೀದೇ ಇರೋಕಾಗ್ಲಿಲ್ಲ.

ಅಂಗಡಿಯಲ್ಲಿ ಸಿಗೋ ಎಲೆಕ್ಟ್ರಿಕ್ ಗಿಟಾರಿಗೆ ಸಾಮಾನ್ಯವಾಗಿ ಒಂದು ಸ್ವಿಚ್ಚು, ಎರಡೋ ಮೂರೋ ನಾಬ್ ಇರುತ್ತವೆ. ನಾನು ಮಾಡಿಕೊಂಡ ಗಿಟಾರಿಗೆ ಎಂಟು ಸ್ವಿಚ್ಚು. ಮರದ ಕೆಲಸ ಮಾಡಿಕೊಟ್ಟ ನಮ್ಮೂರಿನ ಬಡಿಗೇರ ಅಣ್ಣ ಎಂಟು ತೂತು ಕೊರೆದು ಮುಗಿಸಿ, "ಇದು ಬಾರಸೂದೇನೋ, ಇಲ್ಲಾ ಮನಿಗೆ ಕರೆಂಟ್ ಕೊಡೂದೇನೋ?" ಅಂದಿದ್ದ :)

ಈ ಹುಚ್ಚು ಹಿಡಿಸಿದ್ದು 'ಕ್ವೀನ್' ತಂಡದ ಬ್ರಯನ್ ಮೇ. 1963ರಲ್ಲಿ, ಇನ್ನೂ ಶಾಲಾ ಹುಡುಗನಾಗಿದ್ದಾಗ, ಎಲೆಕ್ಟ್ರಾನಿಕ್ಸ್ ಬಲ್ಲ ಅಪ್ಪನ ಜೊತೆ ಕೂತು ತನ್ನ ಗಿಟಾರನ್ನ ತಾನೇ ಮಾಡೋಕೆ ಶುರು ಮಾಡಿದ. ಕತ್ತಿಗೆ ಹಾಕಿದ್ದು ಹಳೇ ಬೆಂಕಿಗೂಡಿನ ಮೇಲಿದ್ದ ಮರ, ಒಳಗಿನ ಸ್ಪ್ರಿಂಗು ಮೋಟಾರ್ ಸೈಕಲ್ಲಿನದು. ಮೂರು ಪಿಕಪ್, ಒಂದೊಂದಕ್ಕೂ ಎರಡೆರಡು ಸ್ವಿಚ್ಚು. ಒಂದು ಚಾಲೂ-ಬಂದ್ ಮಾಡೋಕೆ, ಇನ್ನೊಂದು ಫೇಸ್ ತಿರುಗಿಸೋಕೆ. ಅದೇ ಗಿಟಾರು ಹಿಡಿದು ಜಗತ್ತು ಸುತ್ತಿದ. ಆಮೇಲೆ 2007ರಲ್ಲಿ ಖಭೌತ ವಿಜ್ಞಾನದಲ್ಲಿ ಪಿಎಚ್‌ಡಿ ಬೇರೆ ಮುಗಿಸಿದ. ಇಂಥವರ ಕಥೆ ಓದಿದ್ರೆ ನಮ್ಮಂಥ ಇಂಜಿನಿಯರುಗಳಿಗೆ ಕೈ ಸುಮ್ಮನೆ ಇರುತ್ತಾ?

ನಮ್ಮವರಲ್ಲೂ ಇದ್ದಾರೆ. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ 1979ರಲ್ಲಿ ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ರೇಡೆಲ್ ಪೆಟ್ಟಿಗೆ ಅಂದ್ರೆ ಸಂಗೀತ ಕಲಿತ ಮನೆಯವರಿಗೆಲ್ಲ ಗೊತ್ತು. ಆಮೇಲೆ ಡಿಜಿಟಲ್ ವೀಣೆಯನ್ನೂ ಮಾಡಿದರು.

ಇರ್ಲಿ, ನನ್ನ ಗಿಟಾರಿಗೆ ಬರ್ತೀನಿ. ಪಿಕಪ್ ಅಂದ್ರೆ ಆಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿದ ಕಾಯಿಲ್. ಮೇಲೆ ಉಕ್ಕಿನ ತಂತಿ ಅಲುಗಿದರೆ ಕಾಯಿಲಿನಲ್ಲಿ ಸಣ್ಣ ಕರೆಂಟು ಹುಟ್ಟುತ್ತೆ. ಕುತ್ತಿಗೆ ಹತ್ತಿರದ ಪಿಕಪ್ಪಿನದು ದಪ್ಪ ದನಿ, ಬ್ರಿಡ್ಜ್ ಹತ್ತಿರದ್ದು ಚೂಪು. ಎರಡನ್ನು ಸೇರಿಸಿದರೆ ಮೂರನೇ ಥರ. ಒಂದರ ಫೇಸ್ ತಿರುಗಿಸಿ ಸೇರಿಸಿದರೆ ದಪ್ಪ ಭಾಗ ಒಂದಕ್ಕೊಂದು ಹೊಡೆದುಹೋಗಿ ಮೂಗಿನಲ್ಲಿ ಮಾತಾಡಿದ ಹಾಗೆ ತೆಳ್ಳಗೆ ಕೇಳುತ್ತೆ.

1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕಾಸ್ಟರಿಗೆ ಮೂರು ಪಿಕಪ್ಪಿಗೆ ಮೂರೇ ಸ್ಥಾನದ ಸ್ವಿಚ್ ಇತ್ತು. ನುಡಿಸೋರು ಅದನ್ನ ಎರಡು ಸ್ಥಾನದ ನಡುವೆ ಸಿಕ್ಕಿಸಿ ಹೊಸ ದನಿ ಹುಡುಕಿಕೊಂಡರು. ಕಂಪನಿ ಐದು ಸ್ಥಾನದ ಸ್ವಿಚ್ ಕೊಟ್ಟಿದ್ದು 1977ರಲ್ಲಿ! ಬಳಸೋರು ಬಗ್ ಅನ್ನ ಫೀಚರ್ ಮಾಡಿಕೊಂಡಿದ್ದು ಸಾಫ್ಟ್‌ವೇರಿನಲ್ಲಿ ಮಾತ್ರ ಅಲ್ಲ ನೋಡಿ.

ನನಗೆ ಐದು ಸಾಲ್ದು. ಲೆಕ್ಕ ಹಾಕಿದೆ. ಪ್ರತಿ ಪಿಕಪ್ಪಿಗೆ ಬಂದ್, ನೇರ, ಉಲ್ಟಾ ಅಂತ ಮೂರು ಸ್ಥಿತಿ. ಮೂರು ಪಿಕಪ್ಪಿಗೆ 27. ಎಲ್ಲಾ ಬಂದ್ ಇರೋದು ಬಿಟ್ಟರೆ 26. ಎಲ್ಲವನ್ನೂ ಒಟ್ಟಿಗೆ ಉಲ್ಟಾ ಮಾಡಿದರೆ ಕಿವಿಗೆ ವ್ಯತ್ಯಾಸ ಇಲ್ಲ, ಹಾಗಾಗಿ 13. ಇದರ ಮೇಲೆ ಸೀರೀಸ್-ಪ್ಯಾರಲಲ್ ಸ್ವಿಚ್ ಹಾಕಿದೆ. ಒಂದೇ ಪಿಕಪ್ ಇರೋ 3ಕ್ಕೆ ಅದು ಲಾಗೂ ಆಗಲ್ಲ, ಉಳಿದ 10 ಡಬಲ್. ಒಟ್ಟು 23. ಟೋನಿಗೆ ಮೂರು ಸ್ಥಾನ: ಕೆಪಾಸಿಟರ್ ಇಲ್ಲದ್ದು, 0.022, 0.047 ಮೈಕ್ರೋಫ್ಯಾರಡ್. ಇಪ್ಪತ್ತಮೂರ್ ಮೂರಲೆ ಅರವತ್ತೊಂಬತ್ತು!

ಎಸ್.ಪಿ. ರೋಡಲ್ಲಿ ಸ್ವಿಚ್ ತಂದೆ. ಹಳೇ ಮನೆ ಬಿಚ್ಚಿದಾಗ ಉಳಿದಿದ್ದ ಸಾಗವಾನಿ ಹಲಗೆ ಊರಲ್ಲಿತ್ತು, ಅದರಲ್ಲೇ ಬಾಡಿ. ಹೆಗಲು ಬಿದ್ದುಹೋಗೋಷ್ಟು ಭಾರ. ಎರಡು ರಜೆ, ಸುಟ್ಟುಕೊಂಡ ಮೂರು ಬೆರಳು... ಅಂತೂ ಆಯ್ತು.

ಶ್ರಾವಣ ಸೋಮವಾರ ನಮ್ಮ ಗುಡಿಯಲ್ಲಿ ಭಜನಿ. ಪೇಟಿ ನಮ್ಮ ಕಾಕಾಂದು. ನನಗೆ ಬುದ್ಧಿ ಬಂದಾಗಿನಿಂದ ಪೇಟಿ ಬಾರಿಸಿ ಹಾಡೋರು ಅವರೇ. ಸಣ್ಣವನಿದ್ದಾಗ ನನಗೂ ಕಲಿಸೋಕೆ ನೋಡಿದ್ದರು, ನಾನು ಪೇಟಿಯ ಮುಂದಿನ ಗುಬ್ಬಿ ಎಳೆದು ಆಟ ಆಡ್ತಿದ್ದೆ ಅಷ್ಟೇ. ಈ ಸಲ "ತಮ್ಮಾ, ನಿನ್ನ ಗಿಟಾರ ತುಗೊಂಡ ಬಾರಲೇ, ಜೋಡೀಲೆ ಕೂಡು" ಅಂದರು. ಹೋದೆ. ಎರಡು ಪದ ಸರಿ ಹೋಯ್ತು. ಮೂರನೇದಕ್ಕೆ, ಸ್ವಲ್ಪ ಜಂಬ ತೋರಿಸೋಣ ಅಂತ, ಪ್ಯಾರಲಲ್‌ಗೆ ಹಾಕಿ ನಡುವಿನ ಪಿಕಪ್ ಬಂದ್ ಮಾಡಿದೆ. ಗಿಟಾರು ಗಪ್‌ಚುಪ್!

ಸೀರೀಸ್‌ನಲ್ಲಿ ಒಂದು ಪಿಕಪ್ ಬಂದ್ ಮಾಡಬೇಕಂದ್ರೆ ಅದರ ಎರಡು ತುದಿ ಶಾರ್ಟ್ ಮಾಡಿ ದಾಟಿಸಬೇಕು, ನಾನು ಮಾಡಿದ್ದು ಅದೇ. ಆದ್ರೆ ಪ್ಯಾರಲಲ್‌ನಲ್ಲಿ ಒಂದು ಶಾರ್ಟ್ ಆದ್ರೆ ಎಲ್ಲಾ ಶಾರ್ಟ್. ಅಲ್ಲಿ ಶಾರ್ಟ್ ಮಾಡಬಾರದು, ಕಡಿದು ಬಿಡಬೇಕು. ರೂಮಲ್ಲಿ ಪ್ಯಾರಲಲ್ ಪರೀಕ್ಷೆ ಮಾಡಿದಾಗ ಮೂರೂ ಪಿಕಪ್ ಚಾಲೂ ಇದ್ದವು. ಯೂನಿಟ್ ಟೆಸ್ಟ್ ಪಾಸ್, ಪ್ರೊಡಕ್ಷನ್‌ನಲ್ಲಿ ಢಮಾರ್. ಇದರಲ್ಲಿ ದೊಡ್ಡ ಅವಮಾನ ಏನು ಗೊತ್ತಾ? ನನ್ನದು ನಿಂತಿದ್ದು ಯಾರಿಗೂ ಗೊತ್ತೇ ಆಗ್ಲಿಲ್ಲ :(

ಸುಮ್ಮನೆ ಕೂತು ಕೇಳಿದೆ. ಆಗ ಗಮನಕ್ಕೆ ಬಂತು. ಕಾಕಾ ಬೇಸೂರು ಹಾಡ್ತಿದ್ದರು. ಬೆರಳು ಪೇಟಿ ಮೇಲೆ ಸರಿಯಾಗೇ ಇದ್ದವು, ಕಂಠ ಮಾತ್ರ ಪದ ಹೋದ ಹಾಗೆ ಕೆಳಗೆ ಜಾರ್ತಿತ್ತು. ಅವರಿಗೆ ಕಿವಿ ಮಂದ ಆಗಿದೆ ಅಂತ ಗೊತ್ತಿತ್ತು. ಕಿವಿ ಮಷೀನು ಕುಂಯ್ ಅಂತದ ಅಂತ ಹಾಕ್ಕೊಳ್ಳಲ್ಲ. ಆದ್ರೆ ತಾಳ, ತಬಲಾ ಗದ್ದಲದಲ್ಲಿ ತಮ್ಮದೇ ಪೇಟಿ ತಮಗೆ ಕೇಳದಷ್ಟು ಅಂತ ಗೊತ್ತಿರಲಿಲ್ಲ. ಹೊರಗೆ ಚಪ್ಪಲಿ ಹಾಕ್ಕೊಳ್ಳುವಾಗ ಒಬ್ಬ ಹುಡುಗ ಇನ್ನೊಬ್ಬನಿಗೆ ಅಂದ, "ಮುಂದಿನ ಸೋಮವಾರ ಅಜ್ಜಾರಿಗೆ ಹೇಳಬೇಕಲೇ, ಇನ್ನ ಸಾಕು ಅಂತ. ಯಾರು ಹೇಳಾವ್ರು?" ಅವನದೇನೂ ತಪ್ಪಿಲ್ಲ. ಆದ್ರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಮೊಬೈಲಿನಲ್ಲಿ ತಂಬೂರಿ ಹಚ್ಚಿ ಅವರ ಪಕ್ಕ ಇಟ್ಟೆ. "ಏನೂ ಕೇಳವಲ್ತು" ಅಂದರು. ಅಪ್ಪ, "ಮಿರಜಕ್ಕ ಹೋಗಿ ಖರೇ ತಂಬೂರಿ ತರೂಣೇನು?" ಅಂದರು. ಮಿರಜಿನ ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಕೂಡ ಬಂತು, ಅದರ ಮುಂದೆ ನನ್ನ ಎಂಟು ಸ್ವಿಚ್ ಏನೂ ಅಲ್ಲ. ನಾಲ್ಕು ತಂತಿ, ತಂತಿಯ ಕೆಳಗೆ ಒಂದು ಎಳೆ ದಾರ. ಆ ದಾರ ಸರಿಯಾಗಿ ಕೂತರೆ ತಂತಿಯಿಂದ ಮೇಲಿನ ಸ್ವರಗಳೆಲ್ಲ ಝೇಂಕರಿಸಿ ಬರ್ತವೆ. ಆದ್ರೆ ವಯಸ್ಸಾದ ಕಿವಿ ಮೊದಲು ಕಳ್ಕೊಳ್ಳೋದು ಅದೇ ಮೇಲಿನ ಕಂಪನಗಳನ್ನ. ತಂಬೂರಿಯ ಚಂದ ಇರೋ ಜಾಗದಲ್ಲೇ ಕಾಕಾಗೆ ಕಿವಿ ಇಲ್ಲ.

ಆಗ ಹೊಳೀತು. ಎದುರಿಗೇ ಇದೆಯಲ್ಲ, ಸ್ವಿಚ್ ಬದಲಿಸಿದಂತೆ ದನಿ ಬದಲಿಸೋ ಯಂತ್ರ!

ಪ್ಯಾರಲಲ್ ಸ್ವಿಚ್ ಕಿತ್ತು ಹಾಕಿದೆ. ಕಾಕಾನ ಸಾ ಕಪ್ಪು ಒಂದು. ದಪ್ಪ ತಂತಿಯನ್ನ ಅಲ್ಲಿಗೆ ಇಳಿಸಿದೆ, ಎರಡನೇದನ್ನ ಪಂಚಮಕ್ಕೆ, ಮೂರನೇದನ್ನ ಮೇಲಿನ ಸಾಕ್ಕೆ. ಕಾಕಾನ್ನ ಗೋಡೆ ಕಡೆ ಮುಖ ಮಾಡಿ ಕೂರಿಸಿ, ಕೇಳಿದಾಗ ಕೈ ಎತ್ತಿ ಅಂದೆ. ಅಪ್ಪ ಪಾತೇಲಿ ಬಡೀತಾ ಗದ್ದಲ ಮಾಡೋರು. ಪ್ರತಿ ಸಲ ಕೈ ಎತ್ತಿದರು! ಭಾರೀ ಖುಷಿ ಆಯ್ತು. ಅನುಮಾನ ಬಂದು ಒಮ್ಮೆ ತಂತಿ ಮುಟ್ಟದೆ ಸುಮ್ಮನೆ ಕೂತೆ. ಆಗಲೂ ಕೈ ಮೇಲೆ.

"ಕಾಕಾ, ನಾ ಬಾರಿಸೇ ಇಲ್ಲರೀ!"

"ಹುಡುಗ ಇಷ್ಟ ಕಷ್ಟಪಡಾಕತ್ತೈತಿ, ಇಲ್ಲ ಅಂತ ಹೆಂಗ ಅನ್ಲೋ ತಮ್ಮಾ?"

ಆಮೇಲೆ ಪರೀಕ್ಷೆ ಬದಲಿಸಿದೆ. ಕೈ ಬೇಡ, ಕೇಳಿದ ಸ್ವರ ಹಾಡಿ ತೋರಿಸಿ ಅಂದೆ. ನೋಟ್‌ಬುಕ್ಕಲ್ಲಿ ಹದಿಮೂರು ಸಾಲು. ಬ್ರಿಡ್ಜಿನ ಚೂಪು ದನಿ, ಇಲ್ಲ. ಉಲ್ಟಾ ಫೇಸಿನವು ಒಂದೂ ಇಲ್ಲ. ನಾನು ಬಹಳ ಹೆಮ್ಮೆ ಪಡ್ತಿದ್ದ ದನಿಗಳೆಲ್ಲ ಅವರ ಪಾಲಿಗೆ ಇಲ್ಲವೇ ಇಲ್ಲ. ಕುತ್ತಿಗೆ ಮತ್ತು ನಡುವಿನ ಪಿಕಪ್ ಎರಡೂ ನೇರ ಇದ್ದು, ಸೀರೀಸ್‌ನಲ್ಲಿ ಸೇರಿದಾಗ ಕಾಕಾ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ 'ಸಾ' ಹಿಡಿದರು. ಸರಿಯಾದ ಸಾ. ಅಪ್ಪ ಪಾತೇಲಿ ಬಡಿಯೋದು ನಿಲ್ಲಿಸಿದರು.

ಈ ಜೋಡಿಯಲ್ಲಿ ನಡುವಿನ ಕಾಯಿಲು ಉಲ್ಟಾ ಸುತ್ತಿ, ಆಯಸ್ಕಾಂತ ಕೂಡ ಉಲ್ಟಾ ಇರೋದ್ರಿಂದ ಕರೆಂಟಿನ ಗುಂಯ್ ಶಬ್ದ ಕಡಿದುಹೋಗಿ ತಂತಿಯ ದನಿ ಮಾತ್ರ ಉಳಿಯುತ್ತೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದೇ ಯುಕ್ತಿಯಿಂದ 'ಹಂಬಕರ್' ಮಾಡಿದ್ದ. ಅಂದ್ರೆ ಅಷ್ಟೆಲ್ಲ ಒದ್ದಾಡಿ ನಾನು ಹೆಚ್ಚುಕಮ್ಮಿ ಅಲ್ಲಿಗೇ ಬಂದು ತಲುಪಿದ್ದೆ! ಆದ್ರೂ ಉಳಿದ ಸ್ವಿಚ್ಚೆಲ್ಲ ದಂಡ ಅಂತ ಈಗ ನನಗೆ ಅನಿಸಲ್ಲ. ಅವು ಇಲ್ದಿದ್ರೆ ಕಾಕಾಗೆ ಯಾವುದು ಕೇಳುತ್ತೆ ಅಂತ ಹುಡುಕೋದು ಹೇಗಿತ್ತು?

ರಜೆ ವಿಸ್ತರಿಸಿಕೊಂಡೆ. ಮುಂದಿನ ಸೋಮವಾರ ಆಂಪ್ಲಿಫೈಯರನ್ನ ಕಾಕಾನ ಎಡ ಮೊಣಕಾಲಿನ ಪಕ್ಕ, ಅವರ ಕಡೆ ಮುಖ ಮಾಡಿ ಇಟ್ಟೆ. ನಾನು ಎರಡು ತಾಸು ಮೂರೇ ತಂತಿ ಮೀಟಿದ್ದು. ಪೂರ್ತಿ ಸುರಲ್ಲಿ ಹಾಡಿದರು ಅಂದ್ರೆ ಸುಳ್ಳಾಗುತ್ತೆ. ಒಂದೆರಡು ಕಡೆ ಜಾರಿದರು, ಮತ್ತೆ ತಾವೇ ಹುಡುಕಿ ಬಂದು ಸೇರಿಕೊಂಡರು. ಆ ಹುಡುಗ ತಾಳ ಬಾರಿಸ್ತಾ ನನ್ನ ಕಡೆ ನೋಡಿದ. ಏನೂ ಹೇಳಲಿಲ್ಲ. ಕಾಕಾಗೂ ಯಾರೂ ಏನೂ ಹೇಳಲಿಲ್ಲ.

ಗಿಟಾರು ಈಗ ಊರಲ್ಲೇ ಇದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಸೋಮವಾರ ಆ ಮೂರು ತಂತಿ ಮೀಟ್ತಾನೆ. ಸ್ವಿಚ್ಚುಗಳು ಎಲ್ಲಿರಬೇಕೋ ಅಲ್ಲಿ ತಂಗಿಯ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟು ಬಂದಿದ್ದೇನೆ. ಅದನ್ನ ಬಿಟ್ಟು ಬೇರೆ ಕಡೆ ಸರಿಸಿದರೆ ಕಾಕಾ ಬೈತಾರಂತೆ.

ಪ್ಯಾರಲಲ್ ಸ್ವಿಚ್ ಇದ್ದ ತೂತು ಮಾತ್ರ ಖಾಲಿ ಉಳಿದಿದೆ. ಸೀರೀಸ್‌ನಲ್ಲಿ ಶಾರ್ಟ್ ಮಾಡಿ, ಪ್ಯಾರಲಲ್‌ನಲ್ಲಿ ಕಡಿದು ಬಿಡೋ ವೈರಿಂಗ್ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಹೇಳಿ. ಅವಸರ ಏನಿಲ್ಲ.